ಪಾತ್ರೆ ಒರೆಸುವ ಕ್ರೋಶೆ ಬಟ್ಟೆ: ಯಾವ ನೂಲು, ಯಾವ ಹೆಣಿಗೆ

ಮನೆಯಲ್ಲಿ ಉಳಿದಿದ್ದ ಅಕ್ರಿಲಿಕ್ ನೂಲಿನಿಂದ ಹೆಣೆದ ಬಟ್ಟೆ ನೀರನ್ನು ಹೀರುತ್ತಿಲ್ಲ, ಹೆಣೆಯುತ್ತ ಹೋದಂತೆ ಅದರ ಅಗಲವೂ ಕಡಿಮೆಯಾಗುತ್ತಿದೆ ಎಂದು ಬರೆದು, ಅಡುಗೆಮನೆಗೆ ಯಾವ ಉಬ್ಬು ವಿನ್ಯಾಸ ಸೂಕ್ತ ಎಂದು ಕೇಳಿದ್ದೀರಿ. ಮೊದಲು ನೂಲಿನ ವಿಷಯ ಹೇಳುತ್ತೇನೆ, ಏಕೆಂದರೆ ನೂಲು ತಪ್ಪಿದರೆ ಯಾವ ವಿನ್ಯಾಸವೂ ಉಪಯೋಗಕ್ಕೆ ಬರುವುದಿಲ್ಲ.

ಅಕ್ರಿಲಿಕ್ ನೀರನ್ನು ಹೀರಿಕೊಳ್ಳುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಒಲೆಯಿಂದ ಆಗಷ್ಟೇ ಇಳಿಸಿದ ಪಾತ್ರೆಗೆ ತಗುಲಿದರೆ ಕರಗಿ ಅಂಟಿಕೊಳ್ಳಬಹುದು. ಆದ್ದರಿಂದ ಈ ಕೆಲಸಕ್ಕೆ ನೂರಕ್ಕೆ ನೂರು ಹತ್ತಿಯ ನೂಲೇ ಬೇಕು. ಅದರಲ್ಲಿಯೂ ಮರ್ಸರೈಸ್ಡ್, ಅಂದರೆ ರಾಸಾಯನಿಕ ಸಂಸ್ಕರಣೆಯಿಂದ ಹೊಳಪು ಬರಿಸಿದ ನೂಲನ್ನು ಬಿಟ್ಟು, ಹೊಳಪಿಲ್ಲದ ಸಾದಾ ನೂಲನ್ನು ಆರಿಸಿಕೊಳ್ಳಿ. ಅದು ನೀರನ್ನು ಬೇಗ ಹೀರುತ್ತದೆ. ಅಂಗಡಿಯವರ ಮಾತಿನಲ್ಲಿ ನಂಬಿಕೆ ಬಾರದಿದ್ದರೆ ಒಂದು ತುಂಡು ನೂಲನ್ನು ಚಿಮುಟದಲ್ಲಿ ಹಿಡಿದು ಸುಟ್ಟು ನೋಡಿ: ಹತ್ತಿ ಕಾಗದದ ವಾಸನೆಯೊಂದಿಗೆ ಉರಿದು ಮೆತ್ತಗಿನ ಬೂದಿಯಾಗುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿಯಾದ ಕಪ್ಪು ಗುಂಡಿನಂತೆ ಉಳಿಯುತ್ತದೆ. ಸಾಮಾನ್ಯವಾಗಿ 8 ಪ್ಲೈ ನೂಲಿಗೆ 4.5 ಮಿ.ಮೀ. ಕ್ರೋಶೆ ಕಡ್ಡಿ (ತುದಿಯಲ್ಲಿ ಕೊಕ್ಕೆಯಿರುವ ಕಡ್ಡಿ) ಹೊಂದುತ್ತದೆ. ಆದರೆ ಪ್ಲೈ ಎಂಬುದು ಎಷ್ಟು ಎಳೆಗಳನ್ನು ಹುರಿ ಮಾಡಿದ್ದಾರೆ ಎಂಬುದನ್ನು ಮಾತ್ರ ಹೇಳುತ್ತದೆಯೇ ಹೊರತು ದಪ್ಪವನ್ನಲ್ಲ. ಹೀಗಾಗಿ ಲೇಬಲ್ಲಿನಲ್ಲಿ ಸೂಚಿಸಿರುವ ಕಡ್ಡಿಯ ಅಳತೆಯನ್ನೂ ನೋಡಬೇಕು.

ಉಬ್ಬು ವಿನ್ಯಾಸವನ್ನು ಅಂದಕ್ಕಿಂತ ಒಣಗುವ ವೇಗವನ್ನು ನೋಡಿ ಆರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಚೌಕ ಚೌಕ ಗುಳಿಗಳಿರುವ ವಾಫಲ್ ಹೆಣಿಗೆ ನೋಡಲು ಬಹಳ ಚೆನ್ನಾಗಿದ್ದರೂ ದಪ್ಪವಾಗಿರುವುದರಿಂದ ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ಬೇಗ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ, ನೂಲನ್ನೂ ಹೆಚ್ಚು ಬೇಡುತ್ತದೆ. ಬಾಬಲ್ ಎಂಬ ಗುಂಡನೆಯ ಉಬ್ಬುಗಳ ಸಂದಿಯಲ್ಲಿ ಅನ್ನದ ಅಗುಳು ಸಿಕ್ಕಿಕೊಂಡರೆ ತೆಗೆಯುವುದು ಕಷ್ಟ. ಇವೆರಡರ ಬದಲು ಲೆಮನ್ ಪೀಲ್ ಎಂದು ಕರೆಯುವ ಹೆಣಿಗೆಯನ್ನು ಸೂಚಿಸುತ್ತೇನೆ. ಇದರಲ್ಲಿ ಒಂದು ಸಿಂಗಲ್ ಕ್ರೋಶೆ (ಗಿಡ್ಡ ಹೊಲಿಗೆ), ಒಂದು ಡಬಲ್ ಕ್ರೋಶೆ (ಎತ್ತರದ ಹೊಲಿಗೆ) ಎಂದು ಸರದಿಯಂತೆ ಹೆಣೆಯುತ್ತಾರೆ. ಎರಡು ಗಿಡ್ಡ ಹೊಲಿಗೆಗಳ ನಡುವೆ ಸಿಕ್ಕಿಬಿದ್ದ ಎತ್ತರದ ಹೊಲಿಗೆ ಹೊರಕ್ಕೆ ಉಬ್ಬುವುದರಿಂದ ಬಟ್ಟೆಯ ಎರಡೂ ಮಗ್ಗುಲಲ್ಲಿ ಪಾತ್ರೆಯನ್ನು ಉಜ್ಜುವಷ್ಟು ಸಣ್ಣ ತರಿ ಮೂಡುತ್ತದೆ. ಇಲ್ಲಿ ಬಳಸಿರುವ ಹೆಸರುಗಳು ಅಮೆರಿಕದ ಪದ್ಧತಿಯವು. ಬ್ರಿಟಿಷ್ ಪದ್ಧತಿಯಲ್ಲಿ ಇದೇ ಸಿಂಗಲ್ಲನ್ನು ಡಬಲ್ ಎಂದೂ, ಡಬಲ್ಲನ್ನು ಟ್ರೆಬಲ್ ಎಂದೂ ಕರೆಯುತ್ತಾರೆ.

33 ಚೈನ್ (ಒಂದರೊಳಗೊಂದು ಎಳೆದ ಸರಪಳಿಯಂಥ ಕುಣಿಕೆಗಳು) ಹಾಕಿ. ಚೈನ್ ಬಿಗಿಯಾದರೆ ಬಟ್ಟೆಯ ಕೆಳಅಂಚು ಮುದುಡುತ್ತದೆ, ಆದ್ದರಿಂದ ಇದಕ್ಕೆ ಮಾತ್ರ 5 ಮಿ.ಮೀ. ಕಡ್ಡಿ ಬಳಸಿದರೆ ಒಳ್ಳೆಯದು. ಕಡ್ಡಿಯಿಂದ ಎರಡನೆಯ ಚೈನಿನಲ್ಲಿ ಸಿಂಗಲ್, ಮುಂದಿನದರಲ್ಲಿ ಡಬಲ್ ಎಂದು ಕೊನೆಯವರೆಗೆ ಹೆಣೆದರೆ 32 ಹೊಲಿಗೆಗಳಾಗುತ್ತವೆ. ನಂತರ ಒಂದು ಚೈನ್ ಹಾಕಿ ತಿರುಗಿಸಿ. ಈ ಚೈನನ್ನು ಹೊಲಿಗೆಯಾಗಿ ಎಣಿಸಬಾರದು. ಸಮಸಂಖ್ಯೆಯ ಹೊಲಿಗೆಗಳಿರುವುದರಿಂದ ಪ್ರತಿ ಸಾಲೂ ಸಿಂಗಲ್‌ನಿಂದ ಆರಂಭವಾಗಿ ಡಬಲ್‌ನಲ್ಲಿ ಮುಗಿಯುತ್ತದೆ, ಮತ್ತು ಕೆಳಗಿನ ಸಾಲಿನ ಡಬಲ್ ಮೇಲೆ ಸಿಂಗಲ್, ಸಿಂಗಲ್ ಮೇಲೆ ಡಬಲ್ ಬರುತ್ತದೆ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಎಲ್ಲಿ ತಪ್ಪಿತೆಂಬುದು ತಕ್ಷಣ ಕಣ್ಣಿಗೆ ಬೀಳುತ್ತದೆ.

ನಿಮ್ಮ ಬಟ್ಟೆ ಕಿರಿದಾಗುತ್ತಿರುವುದಕ್ಕೆ ಬಹುಮಟ್ಟಿಗೆ ಸಾಲಿನ ಕೊನೆಯ ಹೊಲಿಗೆ ತಪ್ಪಿಹೋಗುತ್ತಿರುವುದೇ ಕಾರಣವಿರಬೇಕು. ಅದನ್ನು ಹಾಕಬೇಕಾದ ಜಾಗ ಕೆಳಗಿನ ಸಾಲಿನ ಮೊದಲ ಸಿಂಗಲ್ ಹೊಲಿಗೆ; ತಿರುಗಿಸಿದ ಚೈನಿನ ಪಕ್ಕದಲ್ಲಿ ಅಡಗಿರುವ ಅದು ಸುಲಭವಾಗಿ ಕಾಣಿಸುವುದಿಲ್ಲ. ಆದ್ದರಿಂದ ಪ್ರತಿ ಸಾಲಿನ ಮೊದಲ ಸಿಂಗಲ್ ಹಾಕಿದ ಕೂಡಲೇ ಅದಕ್ಕೆ ಬೇರೆ ಬಣ್ಣದ ನೂಲಿನ ತುಣುಕನ್ನೋ ಸೇಫ್ಟಿ ಪಿನ್ನನ್ನೋ ಸಿಕ್ಕಿಸಿಡಿ. ಮುಂದಿನ ಸಾಲಿನ ಕೊನೆಯ ಡಬಲ್ ಸರಿಯಾಗಿ ಅಲ್ಲಿಯೇ ಬರಬೇಕು.

ಎತ್ತರ ಅಗಲದಷ್ಟಾದಾಗ ಒಂದು ಮೂಲೆಯನ್ನು ಎದುರಿನ ಮೂಲೆಗೆ ಮಡಚಿ, ಅಂಚುಗಳು ಕೂಡಿದರೆ ಚೌಕವಾಗಿದೆ ಎಂದು ತಿಳಿಯಿರಿ. ಸುತ್ತಲೂ ಒಂದು ಸಾಲು ಸಿಂಗಲ್ ಹೆಣೆಯಿರಿ. ಮೂಲೆಗಳಲ್ಲಿ ಮೂರು ಮೂರು ಹಾಕಿದರೆ ಅವು ಮುದುಡುವುದಿಲ್ಲ. ಕೊನೆಯ ಮೂಲೆಯಲ್ಲಿ 15 ಚೈನಿನ ಕುಣಿಕೆ ಮಾಡಿಕೊಂಡರೆ ಮೊಳೆಗೆ ತೂಗುಹಾಕಬಹುದು, ಹಾಗೆ ತೂಗಿದ ಬಟ್ಟೆ ಬೇಗ ಒಣಗುತ್ತದೆ. ಹತ್ತಿ ನೂಲು ಒಗೆದಾಗ ಜಾರಿ ಬಿಚ್ಚಿಕೊಳ್ಳುವುದರಿಂದ, ಕನಿಷ್ಠ 15 ಸೆಂ.ಮೀ. ತುದಿ ಉಳಿಸಿ, ದಬ್ಬಳದಿಂದ ಒಮ್ಮೆ ಒಂದು ದಿಕ್ಕಿಗೆ, ಮತ್ತೊಮ್ಮೆ ಅದರ ವಿರುದ್ಧ ದಿಕ್ಕಿಗೆ ಪೋಣಿಸಿಯೇ ಕತ್ತರಿಸಿ.

ಹೊಸ ಬಟ್ಟೆಯನ್ನು ಒಂದೆರಡು ಬಾರಿ ಒಗೆದ ಮೇಲೆ ಹೀರುವ ಗುಣ ಹೆಚ್ಚುತ್ತದೆ, ಸ್ವಲ್ಪ ಕುಗ್ಗುವುದೂ ಸಹಜ. ಬಟ್ಟೆ ಮೃದುವಾಗಲೆಂದು ಫ್ಯಾಬ್ರಿಕ್ ಕಂಡೀಷನರ್ ಹಾಕಬೇಡಿ, ಅದು ಎಳೆಗಳ ಮೇಲೆ ಲೇಪದಂತೆ ಕುಳಿತು ಹೀರುವಿಕೆಯನ್ನು ತಗ್ಗಿಸುತ್ತದೆ. ವಾಸನೆ ಬಂದಾಗ ವಾಷಿಂಗ್ ಸೋಡಾ ಹಾಕಿ ಕುದಿಸಿ ತೊಳೆಯಬಹುದು. ಹೀಗೆ ಕುದಿಸುವ ಉದ್ದೇಶವಿದ್ದರೆ ಬಣ್ಣ ಬಿಡುವ ಭಯವಿಲ್ಲದ ಬಿಳಿ ಅಥವಾ ಬಣ್ಣ ಹಾಕದ ನೂಲನ್ನೇ ಕೊಳ್ಳಿ. ಇದೇ ಬಟ್ಟೆಯನ್ನು ಮಸಿಬಟ್ಟೆಯಾಗಿ ಬಳಸುವ ಯೋಚನೆಯಿದ್ದರೆ ಬೇಡ: ಒದ್ದೆ ಹತ್ತಿ ಶಾಖವನ್ನು ಕೈಗೆ ಬೇಗ ದಾಟಿಸುತ್ತದೆ, ಬಿಸಿ ಪಾತ್ರೆ ಹಿಡಿಯಲು ದಪ್ಪನೆಯ ವಾಫಲ್ ಬಟ್ಟೆಯನ್ನು ಬೇರೆಯಾಗಿ ಹೆಣೆದು ಒಣಗಿರುವಂತೆ ಇಟ್ಟುಕೊಳ್ಳಿ.