ಕಿವಿ ಮಂದ ಆದವರ ಅಧ್ಯಯನಕ್ಕೆ ಸೇರಿದರೆ ಕಿವಿ ಮಿಷನ್ ಸಿಗುತ್ತಾ?

ಅಧ್ಯಯನಕ್ಕೆ ಕರೆದಿದ್ದಾರೆ, ಸೇರಿದರೆ ಮಿಷನ್ ಕೊಡ್ತಾರಾ, ಕೊಡದಿದ್ದರೆ ಯಾಕೆ ಹೋಗಬೇಕು ಅಂತ ಕೇಳಿದ್ದೀರಿ. ಇದೇ ಆಸೆ ಇಟ್ಟುಕೊಂಡು ಮಂಡ್ಯದಿಂದ ಮೈಸೂರಿಗೆ ಬಸ್ ಹತ್ತಿದವನು ನಾನು.

ನನ್ನದು ಪೈಪು, ಮೋಟಾರಿನ ಅಂಗಡಿ. ಕಿವಿ ಪೂರ್ತಿ ಹೋಗಿರಲಿಲ್ಲ. ಎದುರಿನವರು ಮಾತಾಡ್ತಿದ್ದಾರೆ ಅಂತ ಗೊತ್ತಾಗುತ್ತಿತ್ತು, ಏನು ಅಂತ ಗೊತ್ತಾಗುತ್ತಿರಲಿಲ್ಲ.

ಅವತ್ತು ಅಧ್ಯಯನದ ಕಡೆಯ ಒಬ್ಬ ಹುಡುಗಿ ಒಪ್ಪಿಗೆ ಪತ್ರ ಓದಿ ಹೇಳಿದಳು. ಕನ್ನಡದಲ್ಲೇ, ನಿಧಾನವಾಗಿಯೇ ಓದಿದಳು. ಆದರೆ ಅವಳ ಮುಖಕ್ಕೆ ಮಾಸ್ಕ್ ಇತ್ತು, ನನ್ನ ತಲೆ ಮೇಲೆ ಫ್ಯಾನ್ ತಿರುಗುತ್ತಿತ್ತು. ತುಟಿ ಕಾಣದಿದ್ದರೆ ನನಗೆ ಅರ್ಧ ಮಾತು ಹೋದ ಹಾಗೆ. "ಅರ್ಥ ಆಯ್ತಾ ಸರ್?" ಅಂದಾಗಲೆಲ್ಲ ಹ್ಞೂಂ ಅಂತ ತಲೆ ಆಡಿಸಿದೆ. ಎರಡು ಸಲ "ಏನಂದ್ರಿ?" ಅಂದಮೇಲೆ ಮೂರನೇ ಸಲ ಬಾಯಿ ಬರಲ್ಲ, ನಿಮಗೂ ಹಾಗೇ ಅಲ್ವಾ? ಮನೆಯಲ್ಲಿ, ಮದುವೆ ಛತ್ರದಲ್ಲಿ, ಬ್ಯಾಂಕಿನಲ್ಲಿ ವರ್ಷಗಟ್ಟಲೆ ತಲೆ ಆಡಿಸಿ ಅದೇ ರೂಢಿ ಆಗಿತ್ತು. ಕಿವಿಯ ವಿಷಯ ಕೇಳೋಕೆ ಅಂತಲೇ ಕೂತಿದ್ದವರ ಮುಂದೆಯೂ ಅದನ್ನೇ ಮಾಡಿದೆ. ಸಹಿ ಹಾಕಿದೆ. ಅವಳು ಕೊಟ್ಟ ಎರಡು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟೆ. ಊರಿಗೆ ಬಂದು ಬಿಲ್ ಫೈಲಿಗೆ ಸೇರಿಸಿದೆ.

ಮಿಷನ್ ಬರುತ್ತೆ, ಫೋನ್ ಮಾಡ್ತಾರೆ ಅಂತ ಏಳು ತಿಂಗಳು ಕಾದೆ. ಬೇರೆ ಯಾವ ಡಾಕ್ಟರ ಹತ್ತಿರಾನೂ ಹೋಗಲಿಲ್ಲ. ಅಷ್ಟರಲ್ಲಿ ಪಾಂಡವಪುರದ ಕಡೆಯ ರೈತರೊಬ್ಬರು ಒಂದೂಕಾಲು ಇಂಚಿನ ಪೈಪ್ ಕೇಳಿದರು, ನಾನು ಒಂದೂವರೆ ಇಂಚಿನದು ಟೆಂಪೋಗೆ ಹಾಕಿಸಿದೆ. ಅವರು ಸಂಜೆ ಅಷ್ಟನ್ನೂ ವಾಪಸ್ ತಂದರು. ಬೈಯಲಿಲ್ಲ. ನನ್ನ ಮಗನ ಕಡೆ ತಿರುಗಿ, "ನೀನೇ ಕೊಡಪ್ಪ" ಅಂದರು. ಮಾರನೇ ದಿನದಿಂದ ನಾನು ಗಲ್ಲಾದ ಮೇಲೆ ಕೂರಲಿಲ್ಲ.

ಆಮೇಲೊಂದು ದಿನ ಫೈಲಿನಲ್ಲಿ ಆ ಹಾಳೆ ಸಿಕ್ಕಿತು. ಮೊದಲ ಪುಟದಲ್ಲೇ ಇತ್ತು: ಇದು ಚಿಕಿತ್ಸೆ ಅಲ್ಲ, ಚಿಕಿತ್ಸೆ ಬೇಕಿದ್ದರೆ ಬೇರೆಯಾಗಿ ತೋರಿಸಿಕೊಳ್ಳಿ.

ಅದಕ್ಕೇ ಹೇಳ್ತೀನಿ, ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಮಿಷನ್ನಿಗೂ ಅಧ್ಯಯನಕ್ಕೂ ಗಂಟು ಹಾಕಬೇಡಿ. ಮೊದಲು ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಚೀಟಿ ಮಾಡಿಸಿ ಕಿವಿ ಪರೀಕ್ಷೆ ಮಾಡಿಸಿಕೊಳ್ಳಿ. ಆದಾಯ ಕಡಿಮೆ ಇದ್ದು, 40 ಪರ್ಸೆಂಟ್ ಅಂಗವೈಕಲ್ಯದ ಸರ್ಟಿಫಿಕೇಟ್ ಇದ್ದರೆ ಅಂಗವಿಕಲರಿಗೆ ಇಂಥ ಸಾಧನ ಕೊಡುವ ಕೇಂದ್ರದ ಎಡಿಪ್ ಯೋಜನೆ ಇದೆ, ಕೇಳಿ. ನನ್ನ ಪರೀಕ್ಷೆಯ ಚಾರ್ಟಿನಲ್ಲಿ 2000 ಹರ್ಟ್ಸ್ ದಾಟಿದ ಮೇಲೆ ಗೆರೆ 60 ಡೆಸಿಬೆಲ್‌ಗೆ ಇಳಿದಿತ್ತು, ಅಂದರೆ ಅಲ್ಲಿನ ಸದ್ದು ಅಷ್ಟು ಜೋರಾಗಿದ್ದರೆ ಮಾತ್ರ ನನಗೆ ಕೇಳುತ್ತಿತ್ತು. ಸ, ಶ ಥರದ ಚೂಪು ಸದ್ದುಗಳು ಇರೋದೇ ಅಲ್ಲಿ. ಮಿಷನ್ ಹಾಕಿದ ಮೊದಲ ವಾರ ಪೇಪರ್ ಮಡಚುವ ಸದ್ದಿಗೂ ಬೆಚ್ಚುತ್ತಿದ್ದೆ. ಅದಕ್ಕೆ ಹೊಂದಿಕೊಳ್ಳೋಕೆ ವಾರಗಳೇ ಬೇಕು.

ಹಾಗಾದ್ರೆ ಅಧ್ಯಯನಕ್ಕೆ ಹೋಗಬಾರದಾ? ಖಂಡಿತ ಹೋಗಿ. ನಾನು ಎರಡನೇ ಸಲ ಬೇರೊಂದಕ್ಕೆ ಹೋದೆ. ಛತ್ರದ ಊಟದ ಪಂಕ್ತಿಯಲ್ಲಿ ಒಬ್ಬನೇ ಎಲೆ ನೋಡುತ್ತಾ ಕೂರೋದು ಹೇಗಿರುತ್ತೆ ಅಂತ ಒಂದೂವರೆ ಗಂಟೆ ಹೇಳಿದೆ. ಪರೀಕ್ಷೆಯ ಗೆರೆಯಲ್ಲಿ ಅದು ಬರಲ್ಲ. ನಾವು ಹೇಳಿದರೇ ಅವರಿಗೆ ಗೊತ್ತಾಗೋದು.

ದುಡ್ಡಿನ ಲೆಕ್ಕ ಬೇಡ, ಬಸ್ ಚಾರ್ಜ್ ಕೊಟ್ಟರೆ ತಗೊಳ್ಳಿ. ಇಷ್ಟವಿಲ್ಲ ಅಂದರೆ ಮಧ್ಯದಲ್ಲೇ ಎದ್ದು ಬರಬಹುದು, ಅದರಿಂದ ನಿಮ್ಮ ಚಿಕಿತ್ಸೆಗೆ ತೊಂದರೆ ಆಗಬಾರದು. ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅದರ 2017ರ ಮಾರ್ಗಸೂಚಿಯಲ್ಲೇ ಈ ಮಾತಿದೆ. ಪತ್ರ ಓದಿ ಹೇಳೋಕೆ ಶುರು ಮಾಡಿದಾಗ ಮಾತ್ರ ಕೈ ಎತ್ತಿ. ಫ್ಯಾನ್ ಆರಿಸಿ, ಮಾಸ್ಕ್ ಸ್ವಲ್ಪ ತೆಗೀರಮ್ಮ ಅನ್ನಿ. ಹಾಳೆ ಈಸ್ಕೊಂಡು ನೀವೇ ಓದಿ, ಆಮೇಲೆ ಸಹಿ ಹಾಕಿ.