‘ಒಪ್ಪಿಕೊಂಡುಬಿಟ್ಟರೆ ಮುಗಿಯುತ್ತದಲ್ಲವೇ, ಮೇಡಂ?’

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಆಕೆ ಸ್ನಾತಕೋತ್ತರ ಎರಡನೇ ವರ್ಷದ ವಿದ್ಯಾರ್ಥಿನಿ. ಶುಕ್ರವಾರ ಸಂಜೆ ವಿಶ್ವವಿದ್ಯಾಲಯದಿಂದ ಇಮೇಲ್ ಬಂದಿತ್ತು. ಸಲ್ಲಿಸಿದ ಪ್ರಬಂಧದಲ್ಲಿ ಶೈಕ್ಷಣಿಕ ಅಪ್ರಾಮಾಣಿಕತೆಯ ಶಂಕೆಯಿದೆ, ಹತ್ತು ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕು, ಆಮೇಲೆ ಸಮಿತಿಯ ಮುಂದೆ ಹಾಜರಾಗಬೇಕು. ಅಷ್ಟೇ. ಏನು ಶಂಕೆ, ಯಾವ ಪುಟದಲ್ಲಿ ಎಂಬುದಿಲ್ಲ. ಮಂಗಳವಾರ ಆಪ್ತಸಮಾಲೋಚನೆಗೆಂದು ನನ್ನೆದುರು ಬಂದು ಕುಳಿತಾಗ ಆಕೆ ನಾಲ್ಕು ರಾತ್ರಿ ಸರಿಯಾಗಿ ಮಲಗಿರಲಿಲ್ಲ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಇಂಥ ಪತ್ರ ಹಿಡಿದು ಬಂದವರನ್ನು ನಾನು ಮೊದಲು ಕೇಳುವುದು ಪ್ರಬಂಧದ ಬಗ್ಗೆ ಅಲ್ಲ. ಬದುಕೇ ಬೇಡ ಎನ್ನಿಸುತ್ತಿದೆಯೇ ಎಂದು ನೇರವಾಗಿ ಕೇಳಿದೆ. ಇಲ್ಲ ಎಂದಳು, ಆದರೆ ಯಾರ ಮುಖವನ್ನೂ ನೋಡಲಾಗುತ್ತಿಲ್ಲ ಎಂದಳು. ಯಾರಿಗೆ ಹೇಳಬಹುದು ಎಂದು ಯೋಚಿಸಿದಾಗ ಅಕ್ಕನ ಹೆಸರು ಬಂತು. ನನ್ನ ಕೊಠಡಿಯಿಂದಲೇ ಅಕ್ಕನಿಗೆ ಫೋನ್ ಮಾಡಿದಳು. ಅದಾದ ಮೇಲೆಯೇ ಪತ್ರದ ಮಾತು.

ಮೊಬೈಲ್‌ನಲ್ಲಿ ಆಕೆ ಉತ್ತರವನ್ನೂ ಬರೆದಿಟ್ಟಿದ್ದಳು: ‘ನನ್ನಿಂದ ತಪ್ಪಾಗಿದೆ. ದಯವಿಟ್ಟು ಕ್ಷಮಿಸಿ. ಏನು ಶಿಕ್ಷೆ ಕೊಟ್ಟರೂ ಒಪ್ಪುತ್ತೇನೆ.’

“ಯಾವ ತಪ್ಪು, ಹೇಳಮ್ಮ?” ಎಂದೆ.

ಬಹಳ ಹೊತ್ತು ಮಾತಿಲ್ಲ. ನಂತರ, “ಗೊತ್ತಿಲ್ಲ ಮೇಡಂ. ಒಪ್ಪಿಕೊಂಡುಬಿಟ್ಟರೆ ಮುಗಿಯುತ್ತದಲ್ಲವೇ?”

ಮುಗಿಯುವುದಿಲ್ಲ. ಹೆದರಿದ ಮನಸ್ಸಿಗೆ ಎರಡೇ ದಾರಿ ಕಾಣುತ್ತವೆ: ಎಲ್ಲವನ್ನೂ ಒಪ್ಪಿಕೊಳ್ಳುವುದು, ಇಲ್ಲವೇ ಎಲ್ಲವನ್ನೂ ಅಲ್ಲಗಳೆಯುವುದು. ಎರಡೂ ಸುಳ್ಳಾಗುವ ಸಂಭವವೇ ಹೆಚ್ಚು. ಮಾಡದ ತಪ್ಪನ್ನು ಒಪ್ಪಿಕೊಂಡರೆ ಅದು ಕಡತದಲ್ಲಿ ಉಳಿಯುತ್ತದೆ. ಮುಂದೆ ಸಣ್ಣದೊಂದು ಎಡವಟ್ಟಾದರೂ ‘ಎರಡನೇ ಸಲ’ ಎಂದು ಲೆಕ್ಕವಾಗಿ ಶಿಕ್ಷೆ ಏರುತ್ತದೆ. ಆದ್ದರಿಂದ ಮೊದಲ ಉತ್ತರವಾಗಿ ಎರಡೇ ಸಾಲು ಬರೆಸಿದೆ: ಪತ್ರ ತಲುಪಿದೆ, ಆರೋಪ ಏನೆಂಬುದನ್ನು, ಅದಕ್ಕಿರುವ ಆಧಾರವನ್ನು ಕಳುಹಿಸಿಕೊಡಿ. ಅದನ್ನು ಕೇಳುವುದು ಉದ್ಧಟತನವಲ್ಲ. ಆರೋಪವೇನೆಂದು ತಿಳಿಯದೆ ಉತ್ತರಿಸು ಎನ್ನುವುದು ವಿಚಾರಣೆಯ ಹೆಸರಿಗೇ ಸಲ್ಲದು. ವಿಶ್ವವಿದ್ಯಾಲಯಗಳು ಇದನ್ನು ಮೊದಲ ಪತ್ರದಲ್ಲೇ ಕೊಡಬೇಕು, ಜೊತೆಗೆ ಮಾತನಾಡಲು ಒಬ್ಬರ ದೂರವಾಣಿ ಸಂಖ್ಯೆಯನ್ನೂ. ವಾರಾಂತ್ಯದ ಬಾಗಿಲಲ್ಲಿ ಇಂಥ ಪತ್ರ ಕಳುಹಿಸಲೇಬಾರದು.

ಎರಡು ದಿನಕ್ಕೆ ತಂತ್ರಾಂಶದ ವರದಿ ಬಂತು. ಬೇರೆ ಬರಹಗಳೊಂದಿಗೆ ಸಾಮ್ಯತೆ 27 ಪ್ರತಿಶತ. ಕೃತಕ ಬುದ್ಧಿಮತ್ತೆಯಿಂದ ಬರೆದಿರುವ ಸಾಧ್ಯತೆ ‘ಹೆಚ್ಚು’.

ಅಂಕಿ ನೋಡಿ ಆಕೆ ಕುಸಿದಳು. ಆದರೆ ಸಾಮ್ಯತೆಯ ಅಂಕಿ ಕೃತಿಚೌರ್ಯದ ಅಂಕಿಯಲ್ಲ. ಉದ್ಧರಣೆಗಳು, ಗ್ರಂಥಸೂಚಿ, ಪ್ರಶ್ನೆಯ ವಾಕ್ಯ, ಆ ಶಾಸ್ತ್ರದಲ್ಲಿ ಎಲ್ಲರೂ ಬಳಸುವ ಮಾತುಗಳು ಎಲ್ಲವೂ ಅದರೊಳಗೆ ಸೇರಬಹುದು. 30 ಪ್ರತಿಶತವಿದ್ದೂ ಪ್ರಬಂಧ ಶುದ್ಧವಾಗಿರಬಹುದು. 5 ಪ್ರತಿಶತದಲ್ಲಿ ಇಡೀ ಒಂದು ಪ್ಯಾರಾ ಕದ್ದದ್ದಿರಬಹುದು. ವರದಿಯನ್ನು ಸಾಲು ಸಾಲಾಗಿ ಒಟ್ಟಿಗೆ ಓದಿದೆವು. ಹೆಚ್ಚಿನದು ಗ್ರಂಥಸೂಚಿಯೇ. ಆದರೆ ನಾಲ್ಕನೇ ಪುಟದ ಒಂದು ಪ್ಯಾರಾ ಮಾತ್ರ ಒಂದು ಲೇಖನದಿಂದ ಹಾಗೆಯೇ ಬಂದಿತ್ತು. ಹಳೆಯ ಟಿಪ್ಪಣಿಯಲ್ಲಿ ಬರೆದುಕೊಂಡದ್ದನ್ನು ತನ್ನದೇ ಮಾತೆಂದುಕೊಂಡು ಸೇರಿಸಿದ್ದಳು. “ಇದು ನನ್ನ ತಪ್ಪು” ಎಂದಳು. ಈ ಸಲ ಯಾವ ತಪ್ಪೆಂದು ಆಕೆಗೆ ಗೊತ್ತಿತ್ತು.

ಇನ್ನು ಕೃತಕ ಬುದ್ಧಿಮತ್ತೆ. ಪೀಠಿಕೆಯ ವ್ಯಾಕರಣ ತಿದ್ದಲು ಅದನ್ನು ಬಳಸಿದ್ದಳು. ಹೆದರಿಕೆಯಲ್ಲಿ ಅದರೊಂದಿಗಿನ ಸಂಭಾಷಣೆಯನ್ನು ಅಳಿಸಿಹಾಕಲು ಹೊರಟಿದ್ದಳು. ಬೇಡವೆಂದೆ. ಸಾಕ್ಷ್ಯ ಅಳಿಸುವುದು ಹಲವು ಕಡೆ ಬೇರೆಯೇ ಒಂದು ಅಪರಾಧ. ತೆರೆದು ನೋಡಿದರೆ ಅವಳ ಪರವಾಗಿ ಅದಕ್ಕಿಂತ ಗಟ್ಟಿಯಾದ ಆಧಾರವಿರಲಿಲ್ಲ: ತಾನೇ ಬರೆದ ಪ್ಯಾರಾಗಳನ್ನು ಅಂಟಿಸಿ, ವ್ಯಾಕರಣ ಮಾತ್ರ ಸರಿಪಡಿಸು ಎಂದು ಕೇಳಿದ್ದು ಅಲ್ಲಿ ಸ್ಪಷ್ಟವಾಗಿತ್ತು.

ಪತ್ತೆ ಹಚ್ಚುವ ತಂತ್ರಾಂಶಗಳು ಹೇಳುವುದು ಊಹೆಯನ್ನು. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಸಂಸ್ಥೆ 2023ರ ಜನವರಿಯಲ್ಲಿ ಬಿಡುಗಡೆ ಮಾಡಿದ ಇಂಥದೇ ಸಾಧನ, ಸಂಸ್ಥೆಯೇ ಹೇಳಿದಂತೆ, ಯಂತ್ರ ಬರೆದದ್ದರಲ್ಲಿ 26 ಪ್ರತಿಶತವನ್ನಷ್ಟೇ ಗುರುತಿಸುತ್ತಿತ್ತು. ಮನುಷ್ಯರು ಬರೆದದ್ದರಲ್ಲಿ 9 ಪ್ರತಿಶತವನ್ನು ಯಂತ್ರದ್ದೆನ್ನುತ್ತಿತ್ತು. ನಿಖರತೆ ಸಾಲದೆಂದು ಅದೇ ಜುಲೈನಲ್ಲಿ ಹಿಂತೆಗೆದುಕೊಂಡರು. ಅದೇ ವರ್ಷ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಪತ್ತೆ ಸಾಧನಗಳಿಗೆ ಕೊಟ್ಟು ನೋಡಿದಾಗ, ಸರಾಸರಿ ಅರ್ಧಕ್ಕೂ ಹೆಚ್ಚು ಯಂತ್ರದ ಬರಹ ಎನ್ನಿಸಿಕೊಂಡವು. ನನ್ನೆದುರಿಗಿದ್ದವಳೂ ಕಲಿತ ಭಾಷೆಯಲ್ಲಿ, ಎಚ್ಚರದಿಂದ, ಸರಳ ವಾಕ್ಯಗಳಲ್ಲಿ ಬರೆಯುವವಳು.

ಆದರೂ ತಂತ್ರಾಂಶವನ್ನು ಬೈದುಕೊಂಡು ಕುಳಿತರೆ ಸಮಿತಿ ಒಪ್ಪುವುದಿಲ್ಲ. ಅನೇಕ ವಿಶ್ವವಿದ್ಯಾಲಯಗಳಲ್ಲಿ ‘ಸಂಶಯಾತೀತವಾಗಿ’ ಸಾಬೀತಾಗಬೇಕಿಲ್ಲ. ಆಗಿರದಿರುವುದಕ್ಕಿಂತ ಆಗಿರುವ ಸಂಭವವೇ ಹೆಚ್ಚು ಎನ್ನಿಸಿದರೆ ಸಾಕು. ಹಾಗಾಗಿ ತಾನು ಬರೆದ ಬಗೆಯನ್ನು ತೋರಿಸಬೇಕು. ಮೂಲ ಕಡತವನ್ನು ಇನ್ನು ತಿದ್ದಬೇಡ, ಪ್ರತಿ ಮಾಡಿಡು ಎಂದೆ. ಕಡತದ ಹಳೆಯ ಆವೃತ್ತಿಗಳು, ಕೈಬರಹದ ಟಿಪ್ಪಣಿ, ಗ್ರಂಥಾಲಯದಿಂದ ಪುಸ್ತಕ ಪಡೆದ ದಾಖಲೆ, ಇವನ್ನು ದಿನಾಂಕದಂತೆ ಜೋಡಿಸಿದಳು. ಸಮಿತಿ ಪ್ರಬಂಧದ ಮೇಲೆ ಬಾಯಿಮಾತಿನ ಪ್ರಶ್ನೆ ಕೇಳಬಹುದೆಂದು ಅಕ್ಕನ ಮುಂದೆ ವಾದವನ್ನು ಗಟ್ಟಿಯಾಗಿ ವಿವರಿಸಿ ಅಭ್ಯಾಸ ಮಾಡಿದಳು. ನಿಯಮಾವಳಿಯಲ್ಲಿ ಅವಕಾಶವಿದ್ದುದರಿಂದ ವಿದ್ಯಾರ್ಥಿ ಸಂಘದ ಪ್ರತಿನಿಧಿಯನ್ನು ಜೊತೆಗೆ ಕರೆದೊಯ್ದಳು. ಆ ದಿನಗಳಲ್ಲಿ ತನಗೆ ಆರೋಗ್ಯವಿರಲಿಲ್ಲ ಎಂಬುದನ್ನು ಪತ್ರದ ಕೊನೆಗಿಡಿಸಿದೆ. ಅನಾರೋಗ್ಯ ಶಿಕ್ಷೆಯನ್ನು ತಗ್ಗಿಸಬಹುದು, ನಡೆದದ್ದನ್ನು ಅಳಿಸುವುದಿಲ್ಲ.

ಅಂತಿಮ ಉತ್ತರ ಒಂದೂವರೆ ಪುಟವಿತ್ತು. ನಾಲ್ಕನೇ ಪುಟದ ಪ್ಯಾರಾ ನನ್ನದಲ್ಲ, ಅದು ಹೀಗೆ ಬಂತು. ಪೀಠಿಕೆಯ ವ್ಯಾಕರಣ ತಿದ್ದಿಸಿದ್ದೇನೆ, ಅದು ಹೀಗೆ. ಉಳಿದದ್ದು ನಾನೇ ಬರೆದದ್ದು, ಇಲ್ಲಿ ನೋಡಿ.

ಕೃತಕ ಬುದ್ಧಿಮತ್ತೆಯ ಆರೋಪವನ್ನು ಸಮಿತಿ ಕೈಬಿಟ್ಟಿತು. ಆ ಪ್ಯಾರಾಕ್ಕಾಗಿ ಎಚ್ಚರಿಕೆ ಕೊಟ್ಟು, ಪ್ರಬಂಧವನ್ನು ಮತ್ತೆ ಬರೆಯಲು ಹೇಳಿತು. ಅಂಕ ಮಾತ್ರ ಉತ್ತೀರ್ಣದ ಮಟ್ಟವನ್ನು ಮೀರುವಂತಿಲ್ಲ. ಮೇಲ್ಮನವಿ ಹಾಕಲೇ ಎಂದು ಕೇಳಿದಳು. ಸಾಮಾನ್ಯವಾಗಿ ಅದಕ್ಕೆ ಕಾರಣ ಬೇಕು: ವಿಚಾರಣೆಯ ಕ್ರಮದಲ್ಲಿ ಲೋಪ, ಹೊಸ ಆಧಾರ, ಅಥವಾ ತಪ್ಪಿಗೆ ಮೀರಿದ ಶಿಕ್ಷೆ. ಮೂರನ್ನೂ ತಾನೇ ಯೋಚಿಸಿ, ಬೇಡವೆಂದು ನಿರ್ಧರಿಸಿದಳು.

ಈಗಲೂ ಹದಿನೈದು ದಿನಕ್ಕೊಮ್ಮೆ ಬರುತ್ತಾಳೆ. ದೂರು ಕೊಟ್ಟ ಅಧ್ಯಾಪಕರ ತರಗತಿಯಲ್ಲಿ ಹಿಂದಿನ ಸಾಲಿನಲ್ಲಿ ಕೂರುತ್ತಾಳಂತೆ. ಕಳೆದ ವಾರ ಅವರು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಕೈ ಎತ್ತಲಾಗಲಿಲ್ಲ ಎಂದಳು. ಸದ್ಯ ನಮ್ಮಿಬ್ಬರ ಕೆಲಸ ಅದರ ಮೇಲೆಯೇ ನಡೆದಿದೆ.