ಬರಹಗಾರರಿಗೆ ಸಲಹೆ: ಲೇಖನಕ್ಕಿಂತ ನಿಮ್ಮ ಪತ್ರವೇ ಚೆನ್ನಾಗಿದೆ

ಪ್ರಿಯ ಲೇಖಕರೇ,

ನೀವು ಕಳುಹಿಸಿದ 'ಯಂತ್ರಗಳ ವಿಕಾಸಪರ್ವ' ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ಒಂದು ಪುಟ ಹೊಗಳಿ ಕೊನೆಯ ಸಾಲಿನಲ್ಲಿ 'ಆದರೆ' ಎನ್ನುವ ಪತ್ರದಿಂದ ಬರೆಯುವವರಿಗೆ ಏನೂ ದಕ್ಕುವುದಿಲ್ಲ. ಹಾಗೆಂದು ಇದು ಕೈತೊಳೆದುಕೊಳ್ಳುವ ಪತ್ರವೂ ಅಲ್ಲ. ನಿಮ್ಮಿಂದ ಈ ಲೇಖನ ನನಗೆ ಬೇಕು. ಅದು ಎಲ್ಲಿ ಅಡಗಿದೆ ಎಂಬುದನ್ನು ತೋರಿಸಲೆಂದೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಅದು ಅಡಗಿರುವುದು ಲೇಖನದಲ್ಲಲ್ಲ, ಅದರ ಜೊತೆಗೆ ನೀವು ಇಟ್ಟಿದ್ದ ಅರ್ಧ ಪುಟದ ಪತ್ರದಲ್ಲಿ. ಅಲ್ಲಿ ನೀವು ಹೀಗೆ ಬರೆದಿದ್ದೀರಿ: "ಎರಡು ಕೋಲು ಹೊತ್ತ ಗಾಡಿಯ ಪ್ರೋಗ್ರಾಮನ್ನು ಮನೆಯಲ್ಲೇ ಮೂರು ರಾತ್ರಿ ಓಡಿಸಿದೆ. ಎರಡನೆಯ ರಾತ್ರಿ ಕೋಲುಗಳು ಬೀಳದೆ ನಿಂತವು. ಆದರೆ ಗಾಡಿ ಚಳಿಜ್ವರ ಬಂದಂತೆ ನಡುಗುತ್ತಿತ್ತು. ಅಂಕ ಕೊಡುವ ನಿಯಮವನ್ನೇ ಬದಲಿಸಬೇಕಾಯಿತು." ಇದನ್ನು ಓದಿದಾಗ ನಾನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕುಳಿತೆ. ಆಮೇಲೆ ಲೇಖನ ತೆರೆದರೆ ಮೊದಲ ಸಾಲು, "ಮಾನವನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ." ನಡುಗುವ ಗಾಡಿ ಹದಿನಾಲ್ಕು ಪುಟಗಳಲ್ಲಿ ಎಲ್ಲಿಯೂ ಇಲ್ಲ.

ನೀವು ಕಂಡದ್ದು ಚಿಕ್ಕ ಸಂಗತಿಯಲ್ಲ. ನರಜಾಲಗಳನ್ನು, ಅಂದರೆ ಎಳೆಗಳಿಂದ ಜೋಡಿಸಿದ ಪುಟ್ಟ ಲೆಕ್ಕದ ಗಂಟುಗಳ ಪ್ರೋಗ್ರಾಮುಗಳನ್ನು, ವಿಕಾಸದ ಕ್ರಮದಿಂದ ಬೆಳೆಸುವುದು ನಿಮ್ಮ ವಿಷಯ: ಹಲವು ಜಾಲಗಳನ್ನು ಓಡಿಸಿ, ಅಂಕ ಕೊಟ್ಟು, ಚೆನ್ನಾಗಿ ಮಾಡಿದವನ್ನು ಆರಿಸಿ, ಅಷ್ಟಿಷ್ಟು ಬದಲಿಸಿ ಮುಂದಿನ ಪೀಳಿಗೆ ಮಾಡುವುದು. ಈ ಕ್ಷೇತ್ರದಲ್ಲಿ ದುಡಿದವರು ಅದೇ ಜಾಗದಲ್ಲಿ ಎಡವಿದ್ದಾರೆ. ಅದನ್ನೇ ಸ್ವಲ್ಪ ವಿವರವಾಗಿ ನೋಡೋಣ. ನಿಮ್ಮ ಲೇಖನ ಶುರುವಾಗಬೇಕಾದ ಜಾಗ ಅದು.

ಅಂಗೈ ಮೇಲೆ ಕೋಲು ನಿಲ್ಲಿಸುವ ಆಟ ನಮ್ಮ ಓದುಗರಿಗೆಲ್ಲ ಗೊತ್ತು. ಉದ್ದನೆಯ ಕೋಲು ಹೇಗೋ ನಿಲ್ಲುತ್ತದೆ, ಪೆನ್ಸಿಲ್ ನಿಲ್ಲುವುದೇ ಇಲ್ಲ. ಉದ್ದದ್ದು ನಿಧಾನವಾಗಿ ಬೀಳುವುದರಿಂದ ಕೈಗೆ ಸಮಯ ಸಿಗುತ್ತದೆ, ಗಿಡ್ಡದ್ದು ಆ ಸಮಯ ಕೊಡುವುದಿಲ್ಲ. ಇನ್ನು ಹಳಿಯ ಮೇಲೆ ಓಡುವ ಒಂದು ಪುಟ್ಟ ಗಾಡಿ, ಅದರ ಮೇಲೆ ಅಕ್ಕಪಕ್ಕದಲ್ಲಿ ಒಂದು ಮೀಟರಿನ ಕೋಲು ಮತ್ತು ಹತ್ತು ಸೆಂಟಿಮೀಟರಿನ ಕೋಲು. ನಿಯಂತ್ರಕ, ಅಂದರೆ ಇಲ್ಲಿ ಜಾಲ, ಮಾಡಬಹುದಾದದ್ದು ಒಂದೇ, ಗಾಡಿಯನ್ನು ಆ ಕಡೆಗೋ ಈ ಕಡೆಗೋ ತಳ್ಳುವುದು. ಎರಡೂ ಕೋಲುಗಳು ಒಂದೇ ಅಳತೆಯವಾಗಿದ್ದರೆ ಲೆಕ್ಕ ಅಲ್ಲಿಗೇ ಮುಗಿಯಿತು. ಒಂದು ತಳ್ಳು ಎರಡನ್ನೂ ಒಂದೇ ರೀತಿಯಲ್ಲಿ ಅಲ್ಲಾಡಿಸುತ್ತದೆ, ಬೇರೆ ಬೇರೆಯಾಗಿ ಸಂಭಾಳಿಸಲು ದಾರಿಯಿರುವುದಿಲ್ಲ. ಉದ್ದದಲ್ಲಿರುವ ವ್ಯತ್ಯಾಸವೇ ಸಮಸ್ಯೆಯನ್ನು ಬಿಡಿಸಲು ಸಾಧ್ಯವಾಗಿಸುತ್ತದೆ. ಇದನ್ನು ನೀವು ಒಂಬತ್ತನೆಯ ಪುಟದ ಅಡಿಯಲ್ಲಿ ಒಂದು ಸಮೀಕರಣದೊಳಗೆ ಹೂತಿಟ್ಟಿದ್ದೀರಿ.

ಈ ಆಟದ ಕಠಿಣ ರೂಪದಲ್ಲಿ ಗಾಡಿ ಎಲ್ಲಿದೆ, ಕೋಲುಗಳು ಎಷ್ಟು ವಾಲಿವೆ ಎಂಬುದನ್ನಷ್ಟೇ ಜಾಲಕ್ಕೆ ತಿಳಿಸುತ್ತಾರೆ, ಯಾವ ವೇಗದಲ್ಲಿ ಬೀಳುತ್ತಿವೆ ಎಂಬುದನ್ನು ಹೇಳುವುದಿಲ್ಲ. ಛಾಯಾಚಿತ್ರ ತೋರಿಸಿ, ಚೆಂಡು ಮೇಲಕ್ಕೆ ಹೋಗುತ್ತಿದೆಯೋ ಕೆಳಕ್ಕೆ ಬರುತ್ತಿದೆಯೋ ಹೇಳು ಎಂದ ಹಾಗೆ. ಉತ್ತರಿಸಬೇಕಾದರೆ ಹಿಂದಿನ ಕ್ಷಣದ ನೆನಪು ಬೇಕು. ಹಾಗಾಗಿ ಜಾಲವು ನೆನಪಿಟ್ಟುಕೊಳ್ಳುವುದನ್ನು ತಾನಾಗಿ ರೂಢಿಸಿಕೊಳ್ಳುತ್ತದೆಯೇ ಎಂಬುದೇ ಈ ಪರೀಕ್ಷೆಯ ಉದ್ದೇಶವಾಗಿತ್ತು. ಆದರೆ 'ಕೋಲು ಎಷ್ಟು ಹೊತ್ತು ನಿಂತಿತೋ ಅಷ್ಟು ಅಂಕ' ಎಂದರೆ ವಿಕಾಸ ಇನ್ನೊಂದು ದಾರಿ ಹುಡುಕಿಕೊಳ್ಳುತ್ತದೆ. ಗಾಡಿಯನ್ನು ಸರಸರನೆ ಹಿಂದಕ್ಕೂ ಮುಂದಕ್ಕೂ ಅಲುಗಿಸುತ್ತಿದ್ದರೆ ಕೋಲುಗಳು ಗಾಳಿಯಲ್ಲಿ ತತ್ತರಿಸುತ್ತಲೇ ನಿಂತಿರುತ್ತವೆ. ವೇಗ ತಿಳಿಯಬೇಕಿಲ್ಲ, ನೆನಪೂ ಬೇಕಿಲ್ಲ. ಫ್ರೆಡೆರಿಕ್ ಗ್ರುವೊ ಮತ್ತು ಅವರ ಸಂಗಡಿಗರು 1996ರಲ್ಲಿ ಈ ನಡುಕಕ್ಕೆ ಅಂಕ ಕಡಿಯುವ ಹೊಸ ನಿಯಮವನ್ನೇ ಸೇರಿಸಬೇಕಾಯಿತು. ನೀವು ನಿಮ್ಮ ಮನೆಯಲ್ಲಿ ಎರಡನೆಯ ರಾತ್ರಿ ಕಂಡದ್ದು ಇದನ್ನೇ! ಯಾರೂ ಹೇಳಿಕೊಡದೆ ಅದೇ ಗುಂಡಿಗೆ ಬಿದ್ದು, ಅದೇ ರೀತಿಯಲ್ಲಿ ಹತ್ತಿ ಬರಲು ಹೊರಟಿದ್ದೀರಿ. ಅದನ್ನು ಲೇಖನದಿಂದ ಹೊರಗಿಟ್ಟದ್ದು ಏಕೆ? ನಿಮ್ಮ ತಪ್ಪು ಓದುಗರ ಮುಂದೆ ಬರಬಾರದು ಎಂದೇ? ಈ ವಿಷಯದ ತಿರುಳು ಆ ತಪ್ಪಿನಲ್ಲೇ ಇದೆ. ವಿಕಾಸದ ಕ್ರಮಕ್ಕೆ ನೀವು ಏನು ಬಯಸಿದ್ದೀರಿ ಎಂಬುದು ತಿಳಿಯುವುದಿಲ್ಲ, ಯಾವುದಕ್ಕೆ ಅಂಕ ಕೊಟ್ಟಿರಿ ಎಂಬುದಷ್ಟೇ ತಿಳಿಯುತ್ತದೆ.

ಇಲ್ಲಿಂದ ಮುಂದಿನ ಕಥೆ ಇನ್ನೂ ಸೊಗಸಾಗಿದೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಕೆನ್ನೆತ್ ಸ್ಟ್ಯಾನ್ಲಿ ಮತ್ತು ರಿಸ್ಟೊ ಮೀಕುಲೈನೆನ್ 2002ರಲ್ಲಿ ಪ್ರಕಟಿಸಿದ 'ನೀಟ್' ವಿಧಾನವನ್ನು ನೀವು ವಿವರಿಸಿದ್ದೀರಿ. (ನಮ್ಮ ಓದುಗರಿಗೆ ನೀಟ್ ಎಂದರೆ ಮೊದಲು ನೆನಪಾಗುವುದು ವೈದ್ಯಕೀಯ ಪ್ರವೇಶ ಪರೀಕ್ಷೆ. ಅದಲ್ಲ ಎಂದು ಒಂದು ಸಾಲಿನಲ್ಲಿ ಹೇಳಿಬಿಡಿ.) ಜಾಲಗಳು ಅತಿ ಚಿಕ್ಕದಾಗಿ ಶುರುವಾಗಿ, ಬೇಕಾದಾಗ ಒಂದೊಂದೇ ಗಂಟನ್ನೂ ಎಳೆಯನ್ನೂ ಸೇರಿಸಿಕೊಂಡು ಬೆಳೆಯುತ್ತವೆ ಎಂದು ಸರಿಯಾಗಿಯೇ ಬರೆದಿದ್ದೀರಿ. ಪ್ರತಿಯೊಂದು ಹೊಸ ಎಳೆಗೂ ಹುಟ್ಟಿದ ಕ್ರಮದಲ್ಲಿ ಒಂದು ಸಂಖ್ಯೆ ಕೊಡುವುದರಿಂದ, ಎರಡು ಜಾಲಗಳನ್ನು ಬೆರೆಸುವಾಗ ಯಾವುದಕ್ಕೆ ಯಾವುದು ಸಮ ಎಂಬ ಗೊಂದಲ ತಪ್ಪುತ್ತದೆ ಎಂಬುದೂ ಚೆನ್ನಾಗಿ ಬಂದಿದೆ. ಹೊಸದಾಗಿ ಬೆಳೆದ ಜಾಲ ಮೊದಮೊದಲು ಹಳೆಯವುಗಳಿಗಿಂತ ಕೆಟ್ಟದಾಗಿಯೇ ಕೆಲಸ ಮಾಡುತ್ತದೆ, ಆದ್ದರಿಂದ ಅದನ್ನು ತನ್ನಂಥವುಗಳ ಪಂಗಡದೊಳಗೆ ಮಾತ್ರ ಸ್ಪರ್ಧೆಗೆ ಬಿಟ್ಟು ಕಾಪಾಡುತ್ತಾರೆ ಎಂಬ ಭಾಗವಂತೂ ಇಡೀ ಲೇಖನದಲ್ಲಿ ನನಗೆ ಇಷ್ಟವಾದ ಪ್ಯಾರಾ. ಅದರಲ್ಲಿ ಒಂದು ಅಕ್ಷರವನ್ನೂ ಮುಟ್ಟಬೇಡಿ.

ಆದರೆ ಅಷ್ಟು ಹೇಳಿ, ಆ ವಿಧಾನ ಕೊನೆಗೆ ಕಂಡುಕೊಂಡದ್ದು ಏನು ಎಂಬುದನ್ನು ಬಿಟ್ಟಿದ್ದೀರಿ. ಎರಡು ಕೋಲುಗಳ ಆ ಕಠಿಣ ಆಟಕ್ಕೆ ಸಿಕ್ಕ ಒಂದು ಪರಿಹಾರದಲ್ಲಿ ನಡುವೆ ಇದ್ದದ್ದು ಒಂದೇ ಒಂದು ಗಂಟು. ಅದರಿಂದ ಹೊರಟ ಒಂದು ಎಳೆ ಅದಕ್ಕೇ ಮರಳಿ ಸೇರುತ್ತಿತ್ತು, ಅದೇ ಅದರ ನೆನಪು. ಆ ಗಂಟು ಎರಡು ಕೋಲುಗಳ ವೇಗವನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತಿರಲಿಲ್ಲ. ಕೋಲುಗಳ ವಾಲಿನ ವ್ಯತ್ಯಾಸ ಹೆಚ್ಚುತ್ತಿದೆಯೇ ಕುಗ್ಗುತ್ತಿದೆಯೇ, ಅಂದರೆ ಅವು ಒಂದರಿಂದೊಂದು ದೂರ ಬೀಳುತ್ತಿವೆಯೇ ಹತ್ತಿರ ಬೀಳುತ್ತಿವೆಯೇ ಎಂಬುದನ್ನಷ್ಟೇ ಗುರುತಿಸುತ್ತಿತ್ತು. ಅಷ್ಟೇ ಸಾಕಾಯಿತು. ಒಂದು ಲಕ್ಷ ಹೆಜ್ಜೆ, ಗಡಿಯಾರದ ಲೆಕ್ಕದಲ್ಲಿ ಅರ್ಧ ಗಂಟೆಯಷ್ಟು ಕಾಲ, ಕೋಲುಗಳನ್ನು ಬೀಳದಂತೆ ನಿಲ್ಲಿಸುವುದು ಗೆಲುವಿನ ಗೆರೆಯಾಗಿತ್ತು. 8,600 ಕೋಟಿ ನರಕೋಶಗಳಿಂದ ಶುರುವಾಗುವ ನಿಮ್ಮ ಲೇಖನಕ್ಕೂ ಈ ಒಂದೇ ಗಂಟಿಗೂ ಏನು ಸಂಬಂಧ, ಯೋಚಿಸಿ ನೋಡಿ. ಮೆದುಳಿನ ಹೋಲಿಕೆ ಓದುಗರನ್ನು ತಪ್ಪು ಕಡೆಗೆ ಕರೆದೊಯ್ಯುತ್ತದೆ. ಅದನ್ನು ಪೂರ್ತಿಯಾಗಿ ತೆಗೆಯಿರಿ.

ಇನ್ನು ಇತಿಹಾಸದ ಭಾಗ. "1964ರಲ್ಲಿ ಬರ್ಲಿನ್‌ನಲ್ಲಿ ವಿಕಾಸ ತಂತ್ರಗಳು ಜನ್ಮ ತಾಳಿದವು" ಎಂಬ ಒಂದು ಸಾಲಿನಲ್ಲಿ ನೀವು ಎಷ್ಟೊಂದನ್ನು ಪೋಲು ಮಾಡಿದ್ದೀರಿ! ಬರ್ಲಿನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಇಂಗೊ ರೆಶೆನ್‌ಬರ್ಗ್, ಹಾನ್ಸ್-ಪೌಲ್ ಶ್ವೆಫೆಲ್, ಪೀಟರ್ ಬೀನರ್ಟ್ ಎಂಬ ಮೂವರು ಆರು ಪಟ್ಟಿಗಳನ್ನು ಐದು ಕೀಲುಗಳಿಂದ ಜೋಡಿಸಿ ಗಾಳಿ ಸುರಂಗದೊಳಗೆ ಇಟ್ಟರು. ಪ್ರತಿ ಕೀಲೂ 51 ಕೋನಗಳಲ್ಲಿ ನಿಲ್ಲಬಲ್ಲದು. ಒಟ್ಟು 34 ಕೋಟಿಗೂ ಹೆಚ್ಚು ಆಕಾರಗಳು. ಅಂಕುಡೊಂಕಾದ ಆಕಾರದಿಂದ ಶುರುಮಾಡಿ, ಕೀಲುಗಳನ್ನು ಅದೃಷ್ಟಕ್ಕೆ ಬಿಟ್ಟು ಅಷ್ಟಿಷ್ಟು ತಿರುಗಿಸಿ, ಗಾಳಿಯ ಎಳೆತ ಕಡಿಮೆಯಾದರೆ ಹೊಸ ಆಕಾರವನ್ನು ಉಳಿಸಿಕೊಂಡು, ಹೆಚ್ಚಾದರೆ ಹಳೆಯದಕ್ಕೆ ಮರಳುತ್ತಾ ಹೋದರು. ಕೊನೆಗೆ ಪಟ್ಟಿಗಳು ಚಪ್ಪಟೆ ಹಲಗೆಯಂತಾದವು. ಉತ್ತರ ಏನೆಂದು ಮೊದಲೇ ಗೊತ್ತಿತ್ತು. ಅದಕ್ಕೇ ಅದು ಒಳ್ಳೆಯ ಪರೀಕ್ಷೆ. ಈ ಪ್ರಯೋಗವನ್ನು ಕಣ್ಣಿಗೆ ಕಟ್ಟುವಂತೆ ಬರೆದರೆ 'ವಿಕಾಸ ಕ್ರಮಾವಳಿ ಎಂದರೇನು' ಎಂಬ ನಿಮ್ಮ ಎರಡು ಪುಟಗಳ ವ್ಯಾಖ್ಯಾನ ಬೇಕಾಗುವುದಿಲ್ಲ.

ಒಂದು ತಪ್ಪನ್ನು ಕಡ್ಡಾಯವಾಗಿ ತಿದ್ದಬೇಕು. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿರುವ ಟೊಕಮಾಕ್ ಎಂಬ ಪರಮಾಣು ಸಮ್ಮಿಳನದ ಪ್ರಯೋಗ ಯಂತ್ರದೊಳಗಿನ ಪ್ಲಾಸ್ಮಾವನ್ನು, ಅಂದರೆ ವಿಪರೀತ ಕಾದ ವಿದ್ಯುದಾವೇಶದ ಅನಿಲವನ್ನು, ನರಜಾಲವೊಂದು ಹಿಡಿದಿಟ್ಟದ್ದನ್ನು 'ವಿಕಾಸ ಕ್ರಮಾವಳಿಯ ಗೆಲುವು' ಎಂದು ಬರೆದಿದ್ದೀರಿ. ಡೀಪ್‌ಮೈಂಡ್ ಎಂಬ ಕೃತಕ ಬುದ್ಧಿಮತ್ತೆ ಸಂಸ್ಥೆ ಮತ್ತು ಸ್ವಿಸ್ ಪ್ಲಾಸ್ಮಾ ಕೇಂದ್ರ 2022ರಲ್ಲಿ ಪ್ರಕಟಿಸಿದ ಆ ಕೆಲಸದಲ್ಲಿ ಜಾಲವು 19 ಕಾಂತ ಸುರುಳಿಗಳನ್ನು ಸೆಕೆಂಡಿಗೆ ಹತ್ತು ಸಾವಿರ ಬಾರಿ ನಿಯಂತ್ರಿಸಿತು, ನಿಜ. ಆದರೆ ಅದನ್ನು ಪಳಗಿಸಿದ್ದು ಬಹುಮಾನದಿಂದ ಕಲಿಯುವ ಇನ್ನೊಂದು ವಿಧಾನ. ಅಲ್ಲಿ ಒಂದೇ ಜಾಲವನ್ನು ಅದರ ಒಂದೊಂದು ನಡೆಯ ಫಲ ನೋಡುತ್ತಾ ತಿದ್ದುತ್ತಾ ಹೋಗುತ್ತಾರೆ. ವಿಕಾಸದಲ್ಲಿ ಹಾಗಲ್ಲ, ಹಲವು ಜಾಲಗಳನ್ನು ಓಡಿಸಿ ಕೊನೆಯ ಅಂಕ ಮಾತ್ರ ನೋಡಿ ಆರಿಸುತ್ತಾರೆ. ಈ ವ್ಯತ್ಯಾಸ ತಿಳಿದಿರುವುದರಿಂದಲೇ ನೀವು ಆ ಪ್ರೋಗ್ರಾಮ್ ಬರೆಯಲು ಸಾಧ್ಯವಾಯಿತು. ಬೆರಗುಗೊಳಿಸುವ ಉದಾಹರಣೆ ಬೇಕೆಂಬ ಆತುರದಲ್ಲಿ ಕೈ ಜಾರಿದೆ ಎಂದು ಭಾವಿಸುತ್ತೇನೆ.

ಅದರ ಬದಲಿಗೆ ಝೂರಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವಾದ ಇಟಿಎಚ್‌ನಲ್ಲಿ ನಡೆದ ದಹನ ಕೋಷ್ಠದ ಪ್ರಯೋಗವನ್ನು ತೆಗೆದುಕೊಳ್ಳಿ. ಗ್ಯಾಸ್ ಟರ್ಬೈನಿನ ಒಳಗೆ ಜ್ವಾಲೆಯ ಏರಿಳಿತವೂ ಒತ್ತಡದ ಅಲೆಗಳೂ ಒಂದನ್ನೊಂದು ಕೆರಳಿಸುತ್ತಾ ಹೋಗಿ ಲೋಹದ ಗೋಡೆಯೇ ಗುಡುಗುವಂತಾಗುತ್ತದೆ. ಅದನ್ನು ತಣಿಸುವ ನಿಯಂತ್ರಕದ ಅಂಕಿಗಳನ್ನು, ಕೋಷ್ಠ ಉರಿಯುತ್ತಿರುವಾಗಲೇ, ನಿಕೊಲಾಸ್ ಹಾನ್ಸೆನ್ ಮತ್ತು ಸಹೋದ್ಯೋಗಿಗಳು ವಿಕಾಸ ವಿಧಾನದಿಂದ ಹದಗೊಳಿಸಿದರು. ಅದು 2009ರಲ್ಲಿ ಪ್ರಕಟವಾಯಿತು. ಗಮನಿಸಿ, ಅಲ್ಲಿ ನಿಯಂತ್ರಕದ ಚೌಕಟ್ಟು ನಿಯಂತ್ರಣ ಶಾಸ್ತ್ರದ್ದೇ, ವಿಕಾಸ ಹುಡುಕಿದ್ದು ಅದರೊಳಗಿನ ಸಂಖ್ಯೆಗಳನ್ನು ಮಾತ್ರ. ಅಳತೆಯಲ್ಲಿ ಗದ್ದಲವಿರುವಾಗ ಯಾವ ಅಂಕವನ್ನು ನಂಬಬೇಕು ಎಂಬುದೇ ಅವರ ದೊಡ್ಡ ತಲೆನೋವಾಗಿತ್ತು. ಜಟಿಲ ವ್ಯವಸ್ಥೆ ಎಂದರೆ ಏನೆಂದು ಓದುಗರಿಗೆ ಅರ್ಥವಾಗುವುದು ಇಂಥ ಕಡೆ.

ಇದರಿಂದ ನಿಮ್ಮ ಹನ್ನೊಂದನೆಯ ಪುಟದ ಮಾತಿಗೆ ಬರುತ್ತೇನೆ: "ಇನ್ನು ನಿಯಂತ್ರಣಕ್ಕೆ ಗಣಿತ ಬೇಕಿಲ್ಲ, ವಿಕಾಸವೇ ಎಲ್ಲವನ್ನೂ ಕಂಡುಕೊಳ್ಳುತ್ತದೆ." ಇದನ್ನು ನಾನು ಒಪ್ಪುವುದಿಲ್ಲ. ರಷ್ಯಾದ ಗಣಿತಜ್ಞ ಲಿಯಾಪುನೊವ್ 1892ರಲ್ಲಿ ಸ್ಥಿರತೆಯ ಬಗ್ಗೆ ಬರೆದದ್ದನ್ನು ಎಂಜಿನಿಯರುಗಳು ಇಂದಿಗೂ ಕೈಬಿಟ್ಟಿಲ್ಲ. ಸಾವಿರ ಬಾರಿ ನಿಂತ ಕೋಲು ಸಾವಿರದ ಒಂದನೆಯ ಬಾರಿಯೂ ನಿಲ್ಲುತ್ತದೆ ಎಂಬುದಕ್ಕೆ ಅಂಕಪಟ್ಟಿ ಸಾಕ್ಷಿಯಾಗದು. ಆಟದ ಗಾಡಿ ಬಿದ್ದರೆ ಮತ್ತೆ ಶುರುಮಾಡಬಹುದು, ಬಾಯ್ಲರಿನ ವಿಷಯದಲ್ಲಿ ಆ ಮಾತು ಹೇಳಲಾಗದು.

ಕಂಪ್ಯೂಟರಿನೊಳಗೆ ಗೆದ್ದದ್ದು ಹೊರಗೆ ಸೋಲುತ್ತದೆ ಎಂಬ ವಿಷಯಕ್ಕೆ ನೀವು ಎರಡೇ ಸಾಲು ಕೊಟ್ಟಿದ್ದೀರಿ. ಏಡ್ರಿಯನ್ ಥಾಂಪ್ಸನ್ 1996ರಲ್ಲಿ ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಮಾಡಿದ್ದನ್ನು ಸೇರಿಸಿ. ಅವರು ಸಿಮ್ಯುಲೇಶನ್ ಬಿಟ್ಟು ನಿಜವಾದ ಚಿಪ್ ಮೇಲೆಯೇ ಸರ್ಕ್ಯೂಟನ್ನು ವಿಕಾಸಗೊಳಿಸಿದರು. ಚಿಪ್ಪಿನ ನೂರು ಕೋಶಗಳಷ್ಟು, ಅಂದರೆ ನೂರು ಪುಟ್ಟ ಸರ್ಕ್ಯೂಟ್ ಘಟಕಗಳಷ್ಟು ಜಾಗ, ಒಂದು ಕಿಲೊಹರ್ಟ್ಸ್ ಮತ್ತು ಹತ್ತು ಕಿಲೊಹರ್ಟ್ಸ್ ಸ್ವರಗಳನ್ನು ಬೇರ್ಪಡಿಸುವ ಕೆಲಸ, ಕಾಲ ಅಳೆಯಲು ಗಡಿಯಾರವಿಲ್ಲ. ಸರ್ಕ್ಯೂಟ್ ಕೆಲಸ ಮಾಡಿತು. ಆದರೆ ಉಳಿದವುಗಳಿಗೆ ತಂತಿಯ ನಂಟೇ ಇಲ್ಲದ ಕೆಲವು ಕೋಶಗಳನ್ನು ಸುಮ್ಮನಾಗಿಸಿದರೆ ಅದು ಕೆಡುತ್ತಿತ್ತು, ತಾಪ ಬದಲಾದರೆ ತಡವರಿಸುತ್ತಿತ್ತು. ಆ ಒಂದು ಸಿಲಿಕಾನ್ ಚೂರಿನ ಸ್ವಭಾವವನ್ನೇ ಅದು ಬಳಸಿಕೊಂಡಿತ್ತು. ನಿಮ್ಮ ನಡುಗುವ ಗಾಡಿಯ ಒಡಹುಟ್ಟು ಇದು. ಎರಡನ್ನೂ ಅಕ್ಕಪಕ್ಕದಲ್ಲಿ ಇಡಿ.

ಭಾಷೆಯ ಬಗ್ಗೆ ಎರಡು ಮಾತು. "ಕೃತಕ ನರಕೋಶಜಾಲಾಧಾರಿತ ಜೈವಿಕವಿಕಾಸಪ್ರೇರಿತ ಗರಿಷ್ಠೀಕರಣ ಪ್ರಕ್ರಿಯೆ" ಎಂದು ಬರೆದರೆ ಯಾರಿಗಾಗಿ ಬರೆದಂತಾಯಿತು? ಮೊದಲ ಸಲ ನರಜಾಲ ಎನ್ನಿ, ಆಮೇಲೆ ಜಾಲ ಎಂದರೆ ಸಾಕು. ಗಂಟು, ಎಳೆ, ಪೀಳಿಗೆ, ಪಂಗಡ, ಅಂಕ, ಈ ಐದು ಪದಗಳಲ್ಲಿ ನಿಮ್ಮ ಇಡೀ ವಿಷಯವನ್ನು ಹೇಳಬಹುದು. ನಿಮ್ಮ ಪತ್ರದಲ್ಲಿ 'ಅಂಕ ಕೊಡುವ ನಿಯಮ' ಎಂದು ಎಷ್ಟು ಸಹಜವಾಗಿ ಬರೆದಿದ್ದೀರಿ! ಲೇಖನದಲ್ಲಿ ಅದೇ 'ಅರ್ಹತಾಫಲನ'ವಾಗಿದೆ. ಇನ್ನೊಂದು, ಜಾಲ 'ಬಯಸಿತು', 'ನಿರ್ಧರಿಸಿತು', 'ಮೋಸ ಮಾಡಿತು' ಎಂಬ ಕ್ರಿಯಾಪದಗಳನ್ನು ಒಂದೊಂದಾಗಿ ಪರಿಶೀಲಿಸಿ. ಗಾಡಿ ಮೋಸ ಮಾಡಲಿಲ್ಲ, ನಿಯಮದಲ್ಲಿ ಸಂದು ಇತ್ತು.

ಕೊನೆಯ ಎರಡು ಪುಟಗಳಲ್ಲಿ ಬೆಂಗಳೂರಿನ ಸಂಚಾರ ದಟ್ಟಣೆಯನ್ನು ಈ ವಿಧಾನ ಶೀಘ್ರದಲ್ಲೇ ಪರಿಹರಿಸುತ್ತದೆ ಎಂದಿದ್ದೀರಿ. ಅದನ್ನು ಕೈಬಿಡಿ. ಆಧಾರವಿಲ್ಲದ ಭರವಸೆ ಅದು, ಕನ್ನಡ ಓದುಗರಿಗೆ ಊರಿನ ಹೆಸರು ತೋರಿಸಿದರಾಯಿತು ಎಂಬಂತೆ ಅಂಟಿಸಿದ ಭಾಗ. ಬೆಂಗಳೂರಿನ ನಿಜವಾದ ನಂಟು ಬೇಕಿದ್ದರೆ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಎ. ಎಲ್. ತತಾಚಾರ್ ಅವರು ಯೇಲ್ ವಿಶ್ವವಿದ್ಯಾಲಯದ ಕುಂಪಟಿ ನರೇಂದ್ರ ಅವರ ಜೊತೆ, ಕಲಿಯುವ ಸ್ವಯಂಚಾಲಿತ ಯಂತ್ರಗಳ ಸಿದ್ಧಾಂತವನ್ನು ಬೆಳೆಸಿದವರಲ್ಲಿ ಪ್ರಮುಖರು. ಪರಿಸರದಿಂದ ಬರುವ ಹೌದು-ಅಲ್ಲಗಳನ್ನಷ್ಟೇ ಕೇಳಿಸಿಕೊಂಡು ಆಯ್ಕೆಗಳ ಸಾಧ್ಯತೆಯನ್ನು ತಿದ್ದಿಕೊಳ್ಳುವ ಯಂತ್ರಗಳು ಅವು. ಅದೇ ನರೇಂದ್ರ ಅವರು ಕಣ್ಣನ್ ಪಾರ್ಥಸಾರಥಿ ಅವರ ಜೊತೆ 1990ರಲ್ಲಿ ಬರೆದ ಪ್ರಬಂಧ, ನರಜಾಲಗಳನ್ನು ನಿಯಂತ್ರಣ ಶಾಸ್ತ್ರದ ಶಿಸ್ತಿನೊಳಗೆ ತಂದ ಮುಖ್ಯ ಬರಹಗಳಲ್ಲಿ ಒಂದು. ಜಾಗವಿದ್ದರೆ ಒಂದು ಪ್ಯಾರಾ ಕೊಡಿ, ಇಲ್ಲದಿದ್ದರೆ ಅದನ್ನು ಬೇರೊಂದು ಲೇಖನಕ್ಕೆ ಉಳಿಸಿಕೊಳ್ಳಿ.

ಹದಿನಾಲ್ಕು ಪುಟಗಳು ಆರಾಗಲಿ. ಎರಡನೆಯ ರಾತ್ರಿಯಿಂದ ಶುರುಮಾಡಿ. ಮೂರನೆಯ ರಾತ್ರಿ ನಿಯಮ ಬದಲಿಸಿದ ಮೇಲೆ ಏನಾಯಿತು ಎಂಬುದನ್ನು ನಿಮ್ಮ ಪತ್ರವೂ ಹೇಳಿಲ್ಲ. ಕೋಲುಗಳು ನಿಂತವೇ? ಎಷ್ಟನೆಯ ಪೀಳಿಗೆಯಲ್ಲಿ? ನಿಮ್ಮ ಜಾಲದಲ್ಲಿ ನಡುವಿನ ಗಂಟುಗಳು ಎಷ್ಟಿದ್ದವು? ಸೋತಿದ್ದರೆ ಸೋತದ್ದನ್ನೇ ಬರೆಯಿರಿ. ಆ ಜಾಲದ ಚಿತ್ರವನ್ನು ಕಂಪ್ಯೂಟರಿನಲ್ಲಿ ಮಾಡುವ ಅಗತ್ಯವಿಲ್ಲ, ಬಿಳಿ ಹಾಳೆಯ ಮೇಲೆ ಕೈಯಲ್ಲಿ ಬಿಡಿಸಿ ಕಳುಹಿಸಿ, ನಮ್ಮ ಚಿತ್ರಕಾರರು ಅಚ್ಚಿಗೆ ತಕ್ಕಂತೆ ಮಾಡಿಕೊಳ್ಳುತ್ತಾರೆ. ನಡುಗುತ್ತಿದ್ದ ಗಾಡಿಯ ಓಡಾಟದ ದಾಖಲೆ ಇನ್ನೂ ಅಳಿಸಿಲ್ಲವಾದರೆ ಅದೂ ಬೇಕು. ಲೇಖನದ ಮೊದಲ ಪುಟದಲ್ಲಿ ಅದರ ರೇಖಾಚಿತ್ರವನ್ನೇ ಹಾಕುವ ಯೋಚನೆ ನನ್ನದು.

ವಿಶ್ವಾಸದಿಂದ,
ಸಂಪಾದಕ